ನಿಬ್ಬಿನ ಡಬ್ಬಿಯೊಳಗಿನ ಮಾತ್ರೆಗಳು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತು ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ಎಷ್ಟೋ ಮನೆಗಳ ಮರದ ಪೆಟ್ಟಿಗೆಗಳಲ್ಲಿ ಅವರು ಬರೆದ ಪತ್ರಗಳು ಇನ್ನೂ ಇವೆ. ಹೆಸರು ಹೇಳಿದರೆ ನಾಳೆ ಗಡಿ ತಕರಾರಿನಲ್ಲಿ ಸೋಲುವ ಹಂತಕ್ಕೆ ಬಂದವನೊಬ್ಬ, ಇದನ್ನು ಬರೆದವನಿಗೆ ತಲೆ ಸರಿ ಇರಲಿಲ್ಲವಂತೆ ಎಂದು ವಕೀಲರ ಕಿವಿಯಲ್ಲಿ ಹೇಳಿಯಾನು. ನಮ್ಮ ಜನ ಅಂಥವರೇ. ನಾನೂ ಆ ಜನರಲ್ಲಿ ಒಬ್ಬ.

ಮೊನ್ನೆ ಮಡಂತ್ಯಾರಿನವರೊಬ್ಬರು ಹಳೆಯ ಕ್ರಯಪತ್ರ ತಂದು, ಅಕ್ಷರ ಸ್ವಲ್ಪ ಓದಿ ಹೇಳಬೇಕಿತ್ತು ಎಂದರು. ಕನ್ನಡಕ ಹಾಕಿಕೊಳ್ಳುವ ಮೊದಲೇ ಅದು ಯಾರ ಕೈ ಎಂದು ಗೊತ್ತಾಯಿತು. ಓದಿ ಹೇಳಿದೆ. ಅವರು ಹೋದ ಮೇಲೂ ಜಗಲಿಯಲ್ಲೇ ಕುಳಿತಿದ್ದೆ. ಕಾಫಿ ಆರುತ್ತಾ ಉಂಟು ಎಂದು ಹೆಂಡತಿ ಎರಡು ಸಲ ಕರೆದಳು. ಆ ಕಾಫಿ ಕುಡಿದೆನೋ ಇಲ್ಲವೋ ಈಗ ನೆನಪಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಬಂಟ್ವಾಳದಲ್ಲಿ ಒಂದು ಅಂಗಡಿಯ ಜಗಲಿ ಹಿಡಿದು ನಾವಿಬ್ಬರೂ ದಸ್ತಾವೇಜು ಬರೆಯುತ್ತಿದ್ದೆವು. ಕ್ರಯಪತ್ರ, ಅಡವಿನ ಆಧಾರಪತ್ರ, ಸತ್ತ ಮೇಲಿನ ಆಸ್ತಿಗೆಂದು ಬರೆಯಿಸುವ ವೀಲುನಾಮೆ, ಎಲ್ಲಕ್ಕಿಂತ ಹೆಚ್ಚಾಗಿ ಪಾಲಿನ ಪತ್ರ. ಅಳಿಯಸಂತಾನದ ದೊಡ್ಡ ಮನೆಗಳು ಒಡೆದು ಪಾಲಾಗುತ್ತಿದ್ದ ಕಾಲವದು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಅಣ್ಣ ಎನ್ನುತ್ತಿದ್ದೆ, ಅವರು ಮಾರಾಯ ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಆಗಲೇ ನನಗೆ ಮದುವೆಯಾಗಿ ಒಂದು ಮಗುವಿತ್ತು. ಆದರೆ ಪತ್ರ ಬರೆಯುವುದನ್ನು ಕಲಿತದ್ದು ಅವರ ಪಕ್ಕದ ಚಾಪೆಯಲ್ಲಿ.

ಹೊಸ ನಿಬ್ಬನ್ನು ಅವರು ಕಾಗದದ ಮೇಲೆ ಪರೀಕ್ಷಿಸುತ್ತಿರಲಿಲ್ಲ. ಶಾಯಿಯಲ್ಲಿ ಅದ್ದಿ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡುತ್ತಿದ್ದರು. ಗೆರೆ ಒಡೆಯದಿದ್ದರೆ ನಿಬ್ಬು ಪಾಸು. ಆ ಉಗುರು ಊಟಕ್ಕೆ ಕುಳಿತಾಗಲೂ ನೀಲಿಯಾಗಿಯೇ ಇರುತ್ತಿತ್ತು. ಅವರ ಹೆಂಡತಿ, ನನಗೆ ಅತ್ತಿಗೆ, ಇದಕ್ಕಾಗಿ ಗೊಣಗದ ದಿನವಿಲ್ಲ. ಛಾಪಾ ಕಾಗದದಲ್ಲಿ ತಪ್ಪಾದರೆ ಅದನ್ನು ಹೊಡೆದು, ಇಂಥ ಸಾಲಿನಲ್ಲಿ ಇಷ್ಟು ಅಕ್ಷರ ಹೊಡೆದದ್ದು, ಇಷ್ಟು ಸೇರಿಸಿದ್ದು ಎಂದು ಕೊನೆಯಲ್ಲಿ ಒಪ್ಪಿಕೊಳ್ಳಬೇಕು. ನನ್ನ ಪತ್ರಗಳ ಕೊನೆಯಲ್ಲಿ ಆ ಒಪ್ಪಿಗೆಯೇ ನಾಲ್ಕು ಸಾಲು ಇರುತ್ತಿತ್ತು. ಅವರ ಪತ್ರದ ಕೊನೆಯಲ್ಲಿ ಯಾವಾಗಲೂ ಒಂದೇ ಮಾತು: ಹೊಡೆದದ್ದು, ಸೇರಿಸಿದ್ದು ಇಲ್ಲ.

ಗಡಿಯ ವಿಷಯದಲ್ಲಿ ಅವರಿಗೆ ಅವಸರವೇ ಇರಲಿಲ್ಲ. ಪೂರ್ವಕ್ಕೆ ತೋಡು ಎಂದರೆ, ತೋಡಿನ ಈಚೆ ದಡವೋ ಆಚೆ ದಡವೋ ಎಂದು ಕೇಳುವರು. ನಾರಾವಿಯ ಅಣ್ಣತಮ್ಮಂದಿರಿಬ್ಬರು ಗಡಿಯ ಮೇಲಿನ ಹಲಸಿನ ಮರಕ್ಕಾಗಿ ನಮ್ಮ ಜಗಲಿಯಲ್ಲೇ ಕೈಕೈ ಮಿಲಾಯಿಸುವ ಹಾಗಾದಾಗ, ಲೇಖನಿ ಕೆಳಗಿಟ್ಟು, ಮರದಡಿ ಈಗ ಯಾರ ದನ ಮಲಗುತ್ತದೆ ಎಂದು ಕೇಳಿದರು. ದೊಡ್ಡವನ ದನ. ಹಾಗಾದರೆ ನೆರಳು ದೊಡ್ಡವನಿಗೆ, ಹಣ್ಣು ಚಿಕ್ಕವನಿಗೆ ಎಂದು ಬರೆದೇ ಬಿಟ್ಟರು. ಎರಡು ಮನೆಯವರೂ ಬಹಳ ಕಾಲ ಹಾಗೆಯೇ ನಡೆದುಕೊಂಡರಂತೆ.

ಇನ್ನೊಂದು ಪಾಠವನ್ನು ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಓದುಬರಹ ಬಾರದವರು ರುಜು ಹಾಕುವ ಬದಲು ಹೆಬ್ಬೆಟ್ಟು ಒತ್ತುತ್ತಾರೆ. ಅದರ ಸುತ್ತ, ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು ಎಂದು ನಾವು ಬರೆಯಬೇಕು. ಒಮ್ಮೆ ಒಬ್ಬ ಮುದುಕರು ಒತ್ತುವಾಗ ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಅವರು ಹೋದ ಮೇಲೆ ಅಣ್ಣ ಹೇಳಿದರು: "ಅವರು ಹೆಬ್ಬೆಟ್ಟು ಒತ್ತುವಾಗ ನೀನು ರಸ್ತೆ ನೋಡು ಮಾರಾಯ. ಅಕ್ಷರ ಬಾರದ್ದು ಅವರ ತಪ್ಪಲ್ಲ." ಅಂದಿನಿಂದ ನಾನು ರಸ್ತೆ ನೋಡುತ್ತಾ ಬಂದೆ.

ಅವರಿಗೆ ಒಬ್ಬಳೇ ತಂಗಿ. ನಮ್ಮ ಕ್ರಮದಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಆ ಹುಡುಗಿ ಹದಿನೇಳನೆಯ ವಯಸ್ಸಿಗೆ ಜ್ವರ ಬಂದು ತೀರಿಕೊಂಡಾಗ ತಾಯಿಯ ಶಾಖೆಯೇ ಮುಗಿಯಿತು. ಮುಂದೆ ಅವರ ಕುಟುಂಬದ ಮನೆ ಪಾಲಾದಾಗ ಪತ್ರದಲ್ಲಿ ಅವಳ ಹೆಸರು ಇರಲಿಲ್ಲ. ಸತ್ತವರ ಹೆಸರು ಹೇಗೆ ಇದ್ದೀತು? ಅವಳು ಸಾಯುವ ದಿನ ಅಣ್ಣ ಮೂಡಬಿದ್ರೆಯಲ್ಲಿ ಯಾರದೋ ಮನೆಯ ಪಾಲಿನ ಪತ್ರ ಬರೆಯುತ್ತಿದ್ದರು. ಬಸ್ಸು ಹಿಡಿದು ಬರುವಾಗ ಎಲ್ಲ ಮುಗಿದಿತ್ತು. ಇದನ್ನು ನನಗೆ ಹೇಳಿದವರು ಅತ್ತಿಗೆ. ಅಣ್ಣ ಒಮ್ಮೆಯೂ ಹೇಳಿದ್ದಿಲ್ಲ.

ಒಂದು ಮಳೆಗಾಲದಲ್ಲಿ ಬರೆಯುತ್ತಿದ್ದವರು ತಲೆಯೆತ್ತಿ, ಕರೆದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮರುದಿನ ಮತ್ತೆ. ವಾರ ಕಳೆಯುವಷ್ಟರಲ್ಲಿ ನನ್ನನ್ನು ಕೇಳುವುದನ್ನು ಬಿಟ್ಟು, ಹೆಂಚಿನ ಮಾಡಿನ ಕಡೆ ನೋಡಿ ಮೆಲ್ಲಗೆ ಉತ್ತರ ಕೊಡಲು ತೊಡಗಿದರು. ಒಂದು ಮಧ್ಯಾಹ್ನ ನನ್ನ ತೋಳು ಹಿಡಿದು ಹೇಳಿದರು: "ತಂಗಿ ಕೇಳ್ತಾಳೆ ಮಾರಾಯ. ನನ್ನ ಪಾಲು ಯಾವ ಪತ್ರದಲ್ಲಿ ಬರೆದಿದ್ದೀ ಅಂತ." ಆ ಕಣ್ಣುಗಳಲ್ಲಿ ಇದ್ದದ್ದು ಹುಚ್ಚಲ್ಲ, ನಾಚಿಕೆ. ಕೊಡಬೇಕಾದದ್ದನ್ನು ಕೊಡದೆ ಸಿಕ್ಕಿಬಿದ್ದವರ ನಾಚಿಕೆ.

ಮನೆಯವರು ಏನೇನು ಮಾಡಬೇಕೋ ಎಲ್ಲ ಮಾಡಿದರು. ದೈವದ ಎದುರು ನಿಲ್ಲಿಸಿದರು, ನೂಲು ಕಟ್ಟಿಸಿದರು. ತಂಗಿಯ ಹೆಸರಿನಲ್ಲಿ ಆಗಬೇಕಾದ ಕಾರ್ಯ ಬಾಕಿ ಉಂಟು ಎಂದರು, ಅದನ್ನೂ ಮಾಡಿಸಿದರು. ಆಮೇಲೆ ಮೂಡಬಿದ್ರೆಯ ಒಬ್ಬ ಪಂಡಿತರು ಸರ್ಪಗಂಧದ ಬೇರನ್ನು ತೇಯ್ದು ಹಾಲಿನಲ್ಲಿ ಕೊಟ್ಟರು. ಹತ್ತು ದಿನ ಅಣ್ಣ ಮಗುವಿನ ಹಾಗೆ ನಿದ್ದೆ ಮಾಡಿದರು. ಎದ್ದ ಮೇಲೆ ಮತ್ತೆ ಅದೇ.

ಕೊನೆಗೆ ಪಾಣೆಮಂಗಳೂರಿಗೆ ಆಗ ಹೊಸತಾಗಿ ಬಂದಿದ್ದ ಒಬ್ಬ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಮದರಾಸಿನಲ್ಲಿ ಕಲಿತವರು. ಪಂಡಿತರ ಬೇರಿನ ವಿಷಯ ಕೇಳಿ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಆ ಬೇರಿನ ಸತ್ವವನ್ನೇ ತೆಗೆದು ಈಗ ವಿಲಾಯಿತಿಯಲ್ಲಿ ಮಾತ್ರೆ ಮಾಡುತ್ತಾರೆ, ದೊಡ್ಡ ದೊಡ್ಡ ಹುಚ್ಚಾಸ್ಪತ್ರೆಗಳಲ್ಲಿ ಅದನ್ನೇ ಕೊಡುತ್ತಾರೆ ಎಂದರು. ನಮ್ಮ ಕಾಡಿನ ಬೇರು ಹಡಗು ಹತ್ತಿ ಹೋಗಿ ಬಿಳಿ ಮಾತ್ರೆಯಾಗಿ ತಿರುಗಿ ಬಂದಿತ್ತು. ಅದನ್ನು ನುಂಗಿ ಅಣ್ಣ ಶಾಂತರಾದರು, ಆದರೆ ಎದ್ದು ನಿಂತರೆ ತಲೆ ತಿರುಗಿ ಬೀಳುವರು. ಒಂದೆರಡು ತಿಂಗಳಲ್ಲಿ ಕಾರಣವಿಲ್ಲದೆ ಕಣ್ಣೀರು ಹರಿಯತೊಡಗಿತು. ಬರೆಯುವಾಗ ಕಾಗದದ ಮೇಲೆ ಬಿದ್ದೀತೆಂದು ಎಡಗೈಯಲ್ಲಿ ಕಣ್ಣೊರೆಸುವ ಬೈರಾಸು ಹಿಡಿದುಕೊಂಡೇ ಕುಳಿತಿರುತ್ತಿದ್ದರು. ಡಾಕ್ಟರು ಅದನ್ನು ನಿಲ್ಲಿಸಿದರು. ತಂಗಿಯ ದನಿ ತಿರುಗಿ ಬಂತು.

ಅದಾದ ಒಂದು ವರ್ಷಕ್ಕೆ ಇನ್ನೊಂದು ಮಾತ್ರೆ ಬಂತು. ಕ್ಲೋರ್‌ಪ್ರೊಮಜೀನ್ ಎಂದು ಅದರ ಹೆಸರು. ಆ ಹೆಸರು ನಮ್ಮ ನಾಲಿಗೆಗೆ ಹತ್ತಲೇ ಇಲ್ಲ, ನಾವು ಅದನ್ನು ಹೊಸ ಮಾತ್ರೆ ಎಂದೇ ಕರೆದೆವು. ಡಾಕ್ಟರು ಅದರ ಕಥೆಯನ್ನು ನನಗೆ ಹೇಳಿದ್ದರು. ಫ್ರಾನ್ಸಿನಲ್ಲಿ ಆಪರೇಶನ್ನಿನ ರೋಗಿಗಳಿಗೆಂದು ಹುಡುಕಿದ ಮದ್ದಂತೆ. ಅದನ್ನು ಕೊಟ್ಟರೆ ಚಾಕು ಕಂಡೂ ಅವರಿಗೆ ಹೆದರಿಕೆ ಇರುತ್ತಿರಲಿಲ್ಲವಂತೆ. ಹೆದರಿಕೆ ಹೋಗುವುದಾದರೆ ಹುಚ್ಚಿಗೂ ಆದೀತೇ ಎಂದು ಯಾರೋ ಕೊಟ್ಟು ನೋಡಿದರು. ವರ್ಷಗಟ್ಟಲೆ ಗೋಡೆ ನೋಡಿಕೊಂಡಿದ್ದವರು ಎದ್ದು ಮನೆಗೆ ಹೋದರು. ಇದನ್ನು ಹೇಳುವಾಗ ಡಾಕ್ಟರ ಮುಖದಲ್ಲಿದ್ದ ಖುಷಿ ನನಗೆ ಇನ್ನೂ ಕಾಣುತ್ತದೆ.

ನಮ್ಮಲ್ಲೂ ಹಾಗೆಯೇ ಆಯಿತು. ಆರು ವಾರ ಕಳೆದಿರಬೇಕು. ಅಣ್ಣ ಜಗಲಿಗೆ ಬಂದು, ಚಾಪೆ ಬಿಡಿಸಿ, ಉಗುರಿನ ಮೇಲೆ ಗೆರೆ ಎಳೆದು, ಆ ದಿನದ ಪತ್ರ ಮುಗಿಸಿದರು. ಮಾಡಿನ ಕಡೆ ಒಮ್ಮೆಯೂ ನೋಡಲಿಲ್ಲ. ಸಂಜೆ ನಿಬ್ಬು ಒರೆಸುತ್ತಾ ಹೇಳಿದರು: "ಅವಳು ಹೋದಳು ಮಾರಾಯ. ಈ ಸಲ ನಿಜವಾಗಿಯೂ ಹೋದಳು." ನಾನು ಒಳ್ಳೆಯದಾಯಿತು ಅಣ್ಣ ಎಂದುಬಿಟ್ಟೆ. ಅವರು ನನ್ನನ್ನು ನೋಡಿದರು, ನಿಬ್ಬನ್ನು ಇನ್ನೊಮ್ಮೆ ಒರೆಸಿದರು. ಒಂದೇ ತಂಗಿಯನ್ನು ಎರಡು ಸಲ ಕಳೆದುಕೊಂಡವರಿಗೆ ನಾನು ಆಡಿದ ಮಾತು ಅದು.

ಮಾತ್ರೆಗಳನ್ನು ಅವರು ನಿಬ್ಬಿನ ತಗಡಿನ ಡಬ್ಬಿಯಲ್ಲಿ, ನಿಬ್ಬುಗಳ ಕೆಳಗೆ ಇಡುತ್ತಿದ್ದರು. ಯಾರಿಗೂ ಕಾಣಬಾರದು. ವೀಲುನಾಮೆಯಲ್ಲಿ, ಸ್ವಸ್ಥಚಿತ್ತದಿಂದಲೂ ಯಾರ ಒತ್ತಾಯವಿಲ್ಲದೆಯೂ ಬರೆಯಿಸಿದ್ದು ಎಂಬ ಸಾಲು ಇರುತ್ತದೆ. ಬರೆಯಿಸುವವರಿಗೆ ಸ್ವಸ್ಥಚಿತ್ತ ಇದ್ದರೆ ಸಾಕು, ಬರೆಯುವವನ ಚಿತ್ತದ ಬಗ್ಗೆ ಕಾನೂನು ಏನೂ ಹೇಳುವುದಿಲ್ಲ. ಆದರೆ ಜನರಿಗೆ ಅದನ್ನು ಯಾರು ಬಿಡಿಸಿ ಹೇಳುವುದು? ಹುಚ್ಚ ಬರೆದ ಪತ್ರ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆ ಮಾತ್ರೆ ತಂಗಿಯನ್ನು ಮಾತ್ರ ತೆಗೆದುಕೊಂಡು ಹೋಗಿ ಸುಮ್ಮನಾಗಲಿಲ್ಲ. ಬಿಸಿಲಿಗೆ ಅವರ ಚರ್ಮ ಸುಡುತ್ತಿತ್ತು, ಚಳಿಗಾಲದಲ್ಲೂ ಕೊಡೆ ಹಿಡಿದು ನಡೆಯುವರು. ನಡೆಯುವಾಗ ಕೈ ಬೀಸುವುದು ನಿಂತಿತು. ಮುಖದಲ್ಲಿ ನಗು ಬರಲು ತಡವಾಗುತ್ತಿತ್ತು, ತಮಾಷೆ ಮುಗಿದು ಎಲ್ಲರೂ ಸುಮ್ಮನಾದ ಮೇಲೆ ನಗುವರು. ಆಮೇಲೆ ಅಕ್ಷರ. ಮೊದಲ ಸಾಲು ಎಂದಿನಂತೆ, ಹತ್ತನೆಯ ಸಾಲಿಗೆ ಬರುವಾಗ ಸಾಸಿವೆಯಷ್ಟು. ಬೆರಳು ಬೀಡಿ ಕಟ್ಟುವವರ ಬೆರಳಿನಂತೆ ತನ್ನಷ್ಟಕ್ಕೆ ಆಡುತ್ತಿತ್ತು. ಉಗುರಿನ ಗೆರೆ ಕೂಡ ನೆಟ್ಟಗೆ ಬರುತ್ತಿರಲಿಲ್ಲ. ಪಿತ್ತ ಏರಿದೆ, ಇಂಗ್ಲಿಷ್ ಮದ್ದು ಉಷ್ಣ ಅಲ್ಲವಾ ಎಂದು ನಾವೇ ಅರ್ಥ ಮಾಡಿಕೊಂಡೆವು. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಮಾತ್ರೆ ಹೆಚ್ಚಿಸುತ್ತಾರೆ ಎಂದು ಅಣ್ಣನಿಗೆ ಹೆದರಿಕೆ, ಊರಿಗೆ ಗೊತ್ತಾಗುತ್ತದೆ ಎಂದು ನನಗೆ ಹೆದರಿಕೆ. ಪತ್ರವನ್ನು ಅವರು ಬಾಯಲ್ಲಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹಾಗೆ ಕೆಲವು ವರ್ಷ ನಡೆಯಿತು.

ಅರವತ್ತರ ದಶಕ ಹುಟ್ಟಿದ ಮೇಲೆ ಬೆಳ್ತಂಗಡಿ ಕಡೆಯ ಒಂದು ದೊಡ್ಡ ಮನೆ ಪಾಲಾಗುವುದೆಂದು ನಿಶ್ಚಯವಾಯಿತು. ಅಲ್ಲಿನ ಯಜಮಾನರು ನಮ್ಮ ಜಗಲಿಗೆ ಬಂದು, ಪತ್ರ ಇವರ ಕೈಯಿಂದಲೇ ಆಗಬೇಕು ಎಂದರು. ಹೇಳಿ ಬರೆಯಿಸಿದ್ದು ಬೇಡ, ಇವರದೇ ಅಕ್ಷರ ಬೇಕು. ಮೊಮ್ಮಕ್ಕಳು ಮನೆಯ ಗೋಡೆಗೆ ತೂಗುಹಾಕುವ ಹಾಗಿರಬೇಕು ಎಂದು ನಕ್ಕರು. ಅಣ್ಣನ ಮುಖದಲ್ಲಿ, ಸ್ವಲ್ಪ ತಡವಾಗಿ, ಆಸೆ ಮೂಡಿದ್ದನ್ನು ನಾನು ಕಂಡೆ. ಯಜಮಾನರು ಹೋದ ಮೇಲೆ ಅವರು ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಒತ್ತಿ ಹಿಡಿದುಕೊಂಡು ಕುಳಿತರು.

ಆಗ ನಾನು ಹೇಳಿದೆ. ಯಾರೂ ಕೇಳದೆ, ನಾನೇ. "ಅಣ್ಣ, ಎರಡು ತಿಂಗಳು ಮಾತ್ರೆ ಬಿಟ್ಟು ನೋಡುವ. ಅವಳು ಹೋಗಿ ಎಷ್ಟು ಸಮಯ ಆಯ್ತು. ಪತ್ರ ಮುಗಿದ ಮೇಲೆ ಪುನಃ ತೆಗೆದುಕೊಂಡರೆ ಆಯ್ತು."

ಅವರು ಡಬ್ಬಿ ತೆರೆದರು, ನೋಡಿದರು, ಮುಚ್ಚಿದರು. ಆಯ್ತು ಎಂದರು.

ಮೂರು ವಾರಕ್ಕೆ ಕೈಯ ನಡುಕ ನಿಂತಿತು. ನಾವಿಬ್ಬರೂ ಮಕ್ಕಳ ಹಾಗೆ ಸಂಭ್ರಮಿಸಿದೆವು. ಉಗುರಿನ ಮೇಲೆ ಎಳೆದ ಗೆರೆಯನ್ನು ನನ್ನ ಕಣ್ಣೆದುರು ಹಿಡಿದು ತೋರಿಸಿದರು, ಈ ಸಲ ನಗು ತಡವಾಗಲಿಲ್ಲ. ತಿಂಗಳಿಡೀ ಬೆಳ್ತಂಗಡಿಗೆ ಹೋಗಿ ಬಂದು, ಗದ್ದೆಗದ್ದೆ ತಿರುಗಿ, ಗಡಿ ಕೇಳಿ, ಪುಟದ ಮೇಲೆ ಪುಟ ಬರೆದರು. ಅಂಥ ಅಕ್ಷರವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಮಾತ್ರೆ ಪುನಃ ಶುರುಮಾಡುವ ಎಂದು ಒಂದೆರಡು ಸಲ ಹೇಳಿದೆ. ಇದೊಂದು ಮುಗಿಯಲಿ ಎಂದರು. ಅಷ್ಟಕ್ಕೇ ನಾನು ಸುಮ್ಮನಾದೆ.

ರಿಜಿಸ್ಟ್ರಿಗೆ ಹೋಗುವ ಮುಂಚೆ ಪತ್ರವನ್ನು ಪಾಲುದಾರರೆಲ್ಲರ ಎದುರು ಗಟ್ಟಿಯಾಗಿ ಓದಬೇಕು. ಆ ಮನೆಯ ಚಾವಡಿಯಲ್ಲಿ ಬೆಳಗ್ಗಿನ ಕಾಫಿಯಾದ ಮೇಲೆ ಎಲ್ಲರೂ ಸೇರಿದರು. ಹೆಂಗಸರು ಒಳಬಾಗಿಲಲ್ಲಿ ನಿಂತರು. ಓದಲು ಕುಳಿತವನು ನಾನು. ಒಂದನೆಯ ಪಾಲು, ಎರಡನೆಯ ಪಾಲು, ಮೂರನೆಯದು, ನಾಲ್ಕನೆಯದು. ಪಾಲು ಇದ್ದದ್ದು ನಾಲ್ಕೇ. ಪುಟ ತಿರುಗಿಸಿದೆ. ಐದನೆಯ ಪಾಲು ಎಂದಿತ್ತು. ಮನೆಯ ಕೆಳಗಿನ ಬೈಲುಗದ್ದೆ ಒಂದು, ಪೂರ್ವಕ್ಕೆ ತೋಡಿನ ಈಚೆ ದಡ, ಪಶ್ಚಿಮಕ್ಕೆ ಮಾವಿನ ಮರ, ಎಲ್ಲ ಗಡಿ ಕ್ರಮವಾಗಿ. ಪಾಲುದಾರಳ ಹೆಸರಿನ ಜಾಗದಲ್ಲಿ ಅವರ ತಂಗಿಯ ಹೆಸರು. ಓದುವ ಭರದಲ್ಲಿ ನನ್ನ ಬಾಯಿ ಅದನ್ನು ಓದಿಯೂ ಆಗಿತ್ತು.

ಇದು ಯಾರು ಎಂದು ಯಜಮಾನರು ಕೇಳಿದರು. ಅಣ್ಣ ಕುಳಿತಲ್ಲಿಂದಲೇ ಬಹಳ ಸಮಾಧಾನದಿಂದ ಹೇಳಿದರು: "ನನ್ನ ತಂಗಿ. ಅವಳದ್ದು ಬಿಟ್ಟು ಹೋಗಿತ್ತು. ಈಗ ಸರಿಯಾಯ್ತು." ಯಾರೋ ನಕ್ಕರು. ಇನ್ನೊಬ್ಬರು ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡರು. ಕೊನೆಯ ಸಾಲು ನನಗೆ ಆಗ ಕಂಡಿತು. ಹೊಡೆದದ್ದು, ಸೇರಿಸಿದ್ದು ಇಲ್ಲ.

ಮಾತ್ರೆ ಬಿಡಿಸಿದ್ದು ನಾನು ಎಂದು ಆ ಚಾವಡಿಯಲ್ಲಿ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ವಾರಗಳಲ್ಲಿ ಜನ ತಮ್ಮ ಹಳೆಯ ಪತ್ರಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದರು. ಇದರಲ್ಲಿಯೂ ಏನಾದರೂ ಸೇರಿಸಿದ್ದಾರಾ ನೋಡಿ, ಬೇಕಾದರೆ ನೀವೇ ಹೊಸತಾಗಿ ಬರೆದುಕೊಡಿ ಎಂದರು. ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದರಲ್ಲಿಯೂ ಒಂದು ಅಕ್ಷರ ತಪ್ಪಿರಲಿಲ್ಲ. ಹಾಗೆಂದು ಹೇಳಿ ಕಳುಹಿಸಿದೆ. ನಂಬಿದವರು ಕಡಿಮೆ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ನಡುಕಕ್ಕೆ ಬೇರೆ ಮಾತ್ರೆ ಉಂಟು. ಒಂದು ಮಾತು ನನ್ನನ್ನು ಕೇಳಬಾರದಿತ್ತಾ?" ಎಂದರು. ಅದು ಅವರ ಬೀರುವಿನಲ್ಲೇ, ಕೈಗೆಟಕುವಲ್ಲಿ ಇತ್ತು. ಮದ್ದಿನ ನಡುಕಕ್ಕೂ ಮದ್ದು ಇರಬಹುದೆಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಅಣ್ಣನನ್ನು ದೂರದ ಆಸ್ಪತ್ರೆಗೆ ಸೇರಿಸಿದರು, ತಲೆಗೆ ಕರೆಂಟು ಕೊಟ್ಟರು. ಆ ಹೊತ್ತಿಗೆ ಇನ್ನೂ ಹೊಸ ಮದ್ದು ಬಂದಿತ್ತು, ಮೊದಲಿನದಕ್ಕಿಂತ ಬಲವಾದದ್ದು, ಸಣ್ಣ ಮಾತ್ರೆ. ವರ್ಷ ಕಳೆದು ತಿರುಗಿ ಬಂದಾಗ ತಂಗಿಯ ದನಿ ನಿಂತಿತ್ತು. ನಡುಕದ ಮಾತ್ರೆ ಕೊಟ್ಟರೂ ಕೈ ಪೂರ್ತಿ ತಿರುಗಿ ಬರಲಿಲ್ಲ. ಬೆಳಗ್ಗೆ ಕೊಡೆ ಹಿಡಿದು ಬಂದು ನನ್ನ ಪಕ್ಕ ಕುಳಿತುಕೊಳ್ಳುವರು. ಯಾರೂ ಅವರಿಗೆ ಕೆಲಸ ಕೊಡುತ್ತಿರಲಿಲ್ಲ. ನಾನು ಪತ್ರ ಓದುವಾಗ ಕಣ್ಣುಮುಚ್ಚಿ ಕೇಳಿ, ತೋಡಿನ ಯಾವ ದಡ ಎಂದು ಮೆಲ್ಲಗೆ ಕೇಳುವರು. ಕಟ್ಟಿಕೊಟ್ಟ ತಿಂಡಿಯಲ್ಲಿ ಅರ್ಧ ನನಗೆ ಕೊಡುವರು. ಅದನ್ನು ನುಂಗುವುದು ನನಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಆ ದಶಕ ಮುಗಿಯುತ್ತಾ ಬಂದಾಗ ಒಂದು ಬೆಳಗ್ಗೆ, ನನಗೊಂದು ವೀಲುನಾಮೆ ಬರಿ ಮಾರಾಯ ಎಂದರು. ತಾವಿಬ್ಬರೂ ಇದ್ದ ಪಾಣೆಮಂಗಳೂರಿನ ಸಣ್ಣ ಮನೆ ಅತ್ತಿಗೆಗೆ ಸೇರಬೇಕು. ತಮ್ಮ ಹೆಸರಿನ ಜೊತೆ ಹುಚ್ಚು ಎಂಬ ಮಾತು ಅಂಟಿರುವಾಗ ನೆಂಟರು ಹೆಂಡತಿಯನ್ನು ಹೊರಗೆ ಹಾಕಿಯಾರು ಎಂಬ ಹೆದರಿಕೆ. ಸಾಕ್ಷಿಗೆ ಡಾಕ್ಟರು ಬಂದು ಕುಳಿತರು, ಅಂಗಡಿಯವರೂ ಬಂದರು. ಸ್ವಸ್ಥಚಿತ್ತದ ಸಾಲು ಬರೆದಾಗ ಅಣ್ಣ ನನ್ನನ್ನು ತಡೆದರು. "ಬರೀ ಆ ಸಾಲನ್ನು ನನ್ನ ಪತ್ರದಲ್ಲಿ ಯಾರು ನಂಬ್ತಾರೆ? ಇದನ್ನೂ ಬರಿ. ಡಾಕ್ಟರು ಕೊಟ್ಟ ಮದ್ದನ್ನು ಪ್ರತಿದಿನ ತಪ್ಪದೆ ತೆಗೆದುಕೊಳ್ಳುತ್ತಾ ಇದ್ದೇನೆ. ನನ್ನ ಒಬ್ಬಳೇ ತಂಗಿ ತೀರಿಹೋಗಿರುತ್ತಾಳೆ. ಅವಳಿಗೆ ಯಾವ ಪಾಲೂ ಇರುವುದಿಲ್ಲ."

ಬರೆದೆ. ಓದು ಎಂದರು. ಓದಿದೆ. ಇನ್ನೊಮ್ಮೆ ಓದು ಎಂದರು.

ರುಜು ಹಾಕಲು ಲೇಖನಿ ಕೊಟ್ಟೆ. ಬೇರೆ ಕಾಗದದ ಮೇಲೆ ಎರಡು ಸಲ ಪ್ರಯತ್ನ ಮಾಡಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದು ಒಂದು ಚುಕ್ಕೆಯಷ್ಟಾಗುತ್ತಿದ್ದವು. ಇದು ನನ್ನ ರುಜು ಅಂತ ಯಾರೂ ಒಪ್ಪುವುದಿಲ್ಲ ಎಂದು ಲೇಖನಿ ತಿರುಗಿ ಕೊಟ್ಟು, ಶಾಯಿಯ ಮೆತ್ತೆಯನ್ನು ತಾವೇ ಹತ್ತಿರ ಎಳೆದುಕೊಂಡರು.

ಅಷ್ಟು ಹೊತ್ತೂ ತಡೆದುಕೊಂಡಿದ್ದ ನನಗೆ ಆಗ ತಡೆಯಲು ಆಗಲಿಲ್ಲ. "ಅಣ್ಣ, ಅವತ್ತು ಮಾತ್ರೆ ಬಿಡಲು ಹೇಳಿದವನು ನಾನು" ಎಂದೆ. ಅಂಗಡಿಯವರ ಎದುರು, ಡಾಕ್ಟರ ಎದುರು, ವರ್ಷಗಳ ಮೇಲೆ.

ಅವರು ಮೆತ್ತೆಯ ಮುಚ್ಚಳ ತೆಗೆದು ಬದಿಗಿಟ್ಟರು. "ನೀನು ಹೇಳಿದ್ದಕ್ಕಲ್ಲ ಮಾರಾಯ ನಾನು ಬಿಟ್ಟದ್ದು. ಅವಳು ಒಮ್ಮೆ ಬರ್ತಾಳಾ ಅಂತ ನೋಡಿದ್ದು."

ಅದು ನಿಜವೋ, ನನ್ನ ಹೊರೆ ಇಳಿಸಲೆಂದು ಹೇಳಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ವೀಲುನಾಮೆಯನ್ನು ಯಾರೂ ಪ್ರಶ್ನಿಸಲಿಲ್ಲ, ಅತ್ತಿಗೆ ಕೊನೆಯವರೆಗೂ ಆ ಮನೆಯಲ್ಲೇ ಇದ್ದರು. ಈಗ ಆ ರೋಗಕ್ಕೆ ಹತ್ತಾರು ಬಗೆಯ ಮಾತ್ರೆಗಳಿವೆಯಂತೆ, ಕೈ ಅಷ್ಟೊಂದು ನಡುಗುವುದಿಲ್ಲವಂತೆ. ಮದ್ದಿನಂಗಡಿಯ ಎದುರು ಹೋಗುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಆ ಬೆಳಗ್ಗೆ ಅವರು ಎಡಗೈ ಹೆಬ್ಬೆರಳನ್ನು ಮೆತ್ತೆಗೆ ಒತ್ತಿದರು. ಆ ಉಗುರು ನೀಲಿಯಾಗದೆ ಎಷ್ಟು ವರ್ಷವಾಗಿತ್ತೋ. ಅವರು ಬೆರಳನ್ನು ಕಾಗದದ ಮೇಲೆ ಇಡುವಾಗ ನಾನು ರಸ್ತೆ ನೋಡಿದೆ.